ಆ್ಯಪ್ ಕಾರ್ಮಿಕರಿಗೆ ಯುರೋಪ್ ಕೊಟ್ಟ ಕಾನೂನು: ಬಂದದ್ದು ಹೇಗೆ?

ಆ್ಯಪ್ ನೋಡಿಕೊಂಡು ಊಟ ತಲುಪಿಸುವವರು, ಟ್ಯಾಕ್ಸಿ ಓಡಿಸುವವರು ಕಂಪನಿಯ ನೌಕರರೋ, ಅಲ್ಲವೋ? ಯುರೋಪ್‌ನ ಕೋರ್ಟುಗಳು ಈ ಪ್ರಶ್ನೆಯನ್ನು ವರ್ಷಗಟ್ಟಲೆ ಕೇಳಿವೆ. ನೌಕರರಾದರೆ ಕನಿಷ್ಠ ಕೂಲಿ ಉಂಟು, ಸಂಬಳದ ರಜೆ ಉಂಟು. ಸ್ವಂತ ದುಡಿಮೆಯವರು ಅಂದುಬಿಟ್ಟರೆ ಅದ್ಯಾವುದೂ ಇಲ್ಲ. ಜ್ವರ ಬಂದು ಮಲಗಿದರೆ ಆ ದಿನದ ದುಡಿಮೆ ಹೋಯ್ತು, ಅಷ್ಟೇ.

ಲಂಡನ್‌ನಲ್ಲಿ ಊಬರ್ ಚಾಲಕರು 2016ರಲ್ಲೇ ಕಾರ್ಮಿಕ ನ್ಯಾಯಮಂಡಳಿಯಲ್ಲಿ ಗೆದ್ದರು. ಕಂಪನಿ ಮೇಲ್ಮನವಿ ಮೇಲೆ ಮೇಲ್ಮನವಿ ಹಾಕಿತು. 2021ರ ಫೆಬ್ರವರಿಯಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಕೊನೆಯ ಮಾತು ಹೇಳಿತು. ಬಾಡಿಗೆ ನಿಗದಿ ಮಾಡುವುದು ಕಂಪನಿ, ಷರತ್ತು ಹಾಕುವುದು ಕಂಪನಿ, ಸವಾರಿ ಬೇಡ ಅಂದರೆ ದಂಡಿಸುವುದೂ ಕಂಪನಿ. ಹಾಗಿರುವಾಗ ಚಾಲಕ ಸ್ವತಂತ್ರ ಹೇಗಾದಾನು? ಕನಿಷ್ಠ ಕೂಲಿ, ರಜೆ ಕೊಡಲೇಬೇಕು ಎಂದಾಯಿತು.

ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಇಟಲಿಯ ಬೊಲೋನಾ ಕೋರ್ಟ್ 2020ರ ಡಿಸೆಂಬರ್ 31ರಂದು ಕೊಟ್ಟ ತೀರ್ಪು. ಊಟ ತಲುಪಿಸುವ ಡೆಲಿವರೂ ಕಂಪನಿಯ ಅಲ್ಗಾರಿದಂ, ಅಂದರೆ ತಾನೇ ಲೆಕ್ಕ ಹಾಕಿ ನಿರ್ಧರಿಸುವ ಕಂಪ್ಯೂಟರ್ ವ್ಯವಸ್ಥೆ, ಡೆಲಿವರಿ ಸವಾರರಿಗೆ ಅಂಕ ಕೊಡುತ್ತಿತ್ತು. ಜಾಸ್ತಿ ಅಂಕ ಇದ್ದವರು ಸೋಮವಾರ ಬೆಳಿಗ್ಗೆ 11ಕ್ಕೇ ಮುಂದಿನ ವಾರದ ಶಿಫ್ಟ್ ಆರಿಸಿಕೊಳ್ಳಬಹುದಿತ್ತು. ಉಳಿದವರು ಮಧ್ಯಾಹ್ನ 3ಕ್ಕೆ, ಇಲ್ಲವೇ 5ಕ್ಕೆ ಬರಬೇಕು. ಅಷ್ಟು ಹೊತ್ತಿಗೆ ಒಳ್ಳೆಯ ಶಿಫ್ಟುಗಳು ಬೇರೆಯವರ ಪಾಲಾಗಿರುತ್ತಿದ್ದವು. ಬುಕ್ ಮಾಡಿದ ಶಿಫ್ಟನ್ನು 24 ಗಂಟೆ ಮೊದಲೇ ರದ್ದು ಮಾಡದಿದ್ದರೆ ಅಂಕ ಇಳಿಯುತ್ತಿತ್ತು. ಕಾಯಿಲೆಯೋ, ಮುಷ್ಕರವೋ, ಯಂತ್ರ ಕೇಳುತ್ತಿರಲಿಲ್ಲ. ಇದು ತಾರತಮ್ಯ ಎಂದಿತು ಕೋರ್ಟ್. ದಾವೆ ಹೂಡಿದ್ದ ಕಾರ್ಮಿಕ ಸಂಘಗಳಿಗೆ 50,000 ಯೂರೋ ಪರಿಹಾರ ಸಿಕ್ಕಿತು.

ಸ್ಪೇನ್ 2021ರಲ್ಲಿ ಕಾನೂನನ್ನೇ ತಂದಿತು. ಡೆಲಿವರಿ ಸವಾರರು ನೌಕರರೇ ಎಂದು ಮೊದಲೇ ಭಾವಿಸಬೇಕು, ಅಲ್ಲ ಎನ್ನುವುದಾದರೆ ಕಂಪನಿ ಸಾಬೀತು ಮಾಡಬೇಕು. ಅದೇ ವರ್ಷ ಡೆಲಿವರೂ ಸ್ಪೇನ್ ಬಿಟ್ಟು ಹೋಯಿತು.

ಇದೇ ಯೋಚನೆಯನ್ನು ಐರೋಪ್ಯ ಒಕ್ಕೂಟ 2021ರ ಡಿಸೆಂಬರ್‌ನಲ್ಲಿ ಎತ್ತಿಕೊಂಡಿತು. ಆಗ ಅಲ್ಲಿ ಸುಮಾರು 2.8 ಕೋಟಿ ಜನ ಇಂಥ ಕೆಲಸದಲ್ಲಿದ್ದರು. ಕಂಪನಿಯ ಹಿಡಿತ ತೋರಿಸುವ ಐದು ಲಕ್ಷಣಗಳಲ್ಲಿ ಎರಡು ಹೊಂದಿದರೆ ನೌಕರ ಎಂಬುದು ಮೊದಲ ಕರಡು. ಜಗ್ಗಾಟದಲ್ಲಿ ಆ ಪಟ್ಟಿಯೇ ಬಿದ್ದುಹೋಯಿತು. 2024ರ ಫೆಬ್ರವರಿಯಲ್ಲಿ ಫ್ರಾನ್ಸ್, ಜರ್ಮನಿ, ಗ್ರೀಸ್, ಎಸ್ಟೋನಿಯಾ ಬೆಂಬಲ ಕೊಡದೆ ಮಾತುಕತೆ ನಿಂತಿತು. ಮಾರ್ಚ್‌ನಲ್ಲಿ ಗ್ರೀಸ್, ಎಸ್ಟೋನಿಯಾ ಒಪ್ಪಿದವು. ಅಕ್ಟೋಬರ್‌ನಲ್ಲಿ ಕಾನೂನು ಪಾಸಾಯಿತು. ಯಂತ್ರವೊಂದೇ ನಿರ್ಧರಿಸಿ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ, ಮನುಷ್ಯರೇ ನೋಡಬೇಕು ಎಂಬುದು ಇದರ ದೊಡ್ಡ ಗೆಲುವು. ಆದರೆ ಯಾರು ನೌಕರ ಎಂದು ತೀರ್ಮಾನಿಸುವ ನಿಯಮವನ್ನು ಆಯಾ ದೇಶಕ್ಕೇ ಬಿಟ್ಟಿದ್ದಾರೆ. 2026ರ ಡಿಸೆಂಬರ್ 2 ಅದಕ್ಕೆ ಗಡುವು. ಮನಸ್ಸಿಲ್ಲದ ಸರ್ಕಾರ ಇಲ್ಲೇ ನುಣುಚಿಕೊಳ್ಳಬಹುದು ಅನ್ನೋ ಭಯ ನನಗಿದೆ.

ನಮ್ಮ ಕರ್ನಾಟಕವೂ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಇಂಥ ಆ್ಯಪ್ ಕಾರ್ಮಿಕರ, ಕಾನೂನು ಮಾಡಿತು. ಕಾರ್ಮಿಕರಿಗೆ ಕೊಡುವ ಹಣದ ಲೆಕ್ಕದಲ್ಲಿ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುಂಚೆ ಕಾರಣ ಹೇಳಬೇಕು. ಅವರು ನೌಕರರು ಹೌದೋ ಅಲ್ಲವೋ ಅನ್ನೋದನ್ನು ಮಾತ್ರ ಅದು ಮುಟ್ಟಿಲ್ಲ.