‘ಚಿತ್ರಕೃಪೆ: ಅಂತರ್ಜಾಲ’ ಅಂತ ಹಾಕಿದರೆ ಸಾಕಾ?

ಕನ್ನಡದ ಬ್ಲಾಗ್, ಯೂಟ್ಯೂಬ್ ವಿಡಿಯೊ, ಕಾಲೇಜಿನ ವಾರ್ಷಿಕ ಸಂಚಿಕೆ, ಯಾವುದನ್ನೇ ತೆಗೆದು ನೋಡಿ, ಚಿತ್ರದ ಕೆಳಗೆ ‘ಕೃಪೆ: ಗೂಗಲ್’ ಅಥವಾ ‘ಕೃಪೆ: ಅಂತರ್ಜಾಲ’ ಅಂತ ಕಾಣುತ್ತದೆ. ಗೂಗಲ್ ಆ ಫೋಟೋ ತೆಗೆದಿಲ್ಲ. ಅದು ಎಲ್ಲಿದೆ ಅಂತ ತೋರಿಸಿತು, ಅಷ್ಟೇ. ತೆಗೆದವರ ಹೆಸರು ಅಲ್ಲಿ ಇಲ್ಲವೇ ಇಲ್ಲ. ಇದು ನನಗೆ ತುಂಬ ಬೇಜಾರಿನ ಸಂಗತಿ, ಯಾಕೆಂದರೆ ಎಷ್ಟೋ ಜನ ತಮ್ಮ ಚಿತ್ರಗಳನ್ನು ದುಡ್ಡು ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅವರು ಕೇಳಿದ್ದು ಹೆಸರು ಹಾಕಿ ಅನ್ನೋದೊಂದನ್ನೇ. ಆ ಹೆಸರೇ ಅನುಮತಿಯ ಷರತ್ತು. ಅದನ್ನು ಬಿಟ್ಟರೆ ಅನುಮತಿಯೂ ಹೋಯಿತು.

ಮೊದಲು ಕಾನೂನು, ಬೇಗ ಮುಗಿಸೋಣ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋ ತೆಗೆದ ಕೂಡಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, ವೃತ್ತದೊಳಗಿನ ‘ಸಿ’ ಚಿಹ್ನೆಯೂ ಬೇಕಿಲ್ಲ. ಫೋಟೋ ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ವರ್ಷ ಮುಗಿದ ಮೇಲೆ ಇನ್ನೂ 60 ವರ್ಷ ಆ ಹಕ್ಕು ಇರುತ್ತದೆ. ಹಾಗಾಗಿ ‘ಯಾರೂ ಏನೂ ಬರೆದಿಲ್ಲ, ಅಂದ್ರೆ ಫ್ರೀ’ ಅನ್ನೋದು ತಪ್ಪು. ಹಂಪಿಯ ಕಲ್ಲಿನ ರಥ ವಿಜಯನಗರದ ಕಾಲದ್ದು, ಅದರ ಮೇಲೆ ಯಾರ ಕಾಪಿರೈಟೂ ಇಲ್ಲ. ಆದರೆ ಹೋದ ತಿಂಗಳು ಯಾರೋ ಅಲ್ಲಿ ನಿಂತು ತೆಗೆದ ಫೋಟೋಗೆ ಹಕ್ಕು ಇದೆ. ರಥ ಬೇರೆ, ಫೋಟೋ ಬೇರೆ.

ಈಗ ಮುಕ್ತ ಪರವಾನಗಿಗೆ, ಅಂದ್ರೆ ಹಕ್ಕುದಾರರು ಎಲ್ಲರಿಗೂ ಮೊದಲೇ ಕೊಟ್ಟಿಡುವ ಷರತ್ತಿನ ಅನುಮತಿಗೆ, ಬರೋಣ. ಜಾಸ್ತಿ ಬಳಕೆಯಲ್ಲಿರುವುದು ಕ್ರಿಯೇಟಿವ್ ಕಾಮನ್ಸ್, ಅಂದ್ರೆ ಸಿಸಿ. ಅದರ ಮೊದಲ ಪರವಾನಗಿಗಳು ಬಂದದ್ದು 2002ರಲ್ಲಿ, ಈಗಿನ 4.0 ಆವೃತ್ತಿ 2013ರಲ್ಲಿ. ಒಟ್ಟು ಆರು ಪರವಾನಗಿಗಳಿವೆ, ಆದರೆ ನಾಲ್ಕು ಗುರುತು ಗೊತ್ತಿದ್ದರೆ ಸಾಕು. ‘ಬಿವೈ’ ಅಂದ್ರೆ ಹೆಸರು ಹಾಕಿ, ಇದು ಆರರಲ್ಲೂ ಇದೆ. ‘ಎಸ್‌ಎ’ ಅಂದ್ರೆ ಚಿತ್ರವನ್ನು ಬದಲಿಸಿ ಹಂಚಿದರೆ ನಿಮ್ಮದನ್ನೂ ಅದೇ ಪರವಾನಗಿಯಲ್ಲಿ ಕೊಡಿ. ‘ಎನ್‌ಡಿ’ ಇದ್ದರೆ ಬದಲಿಸಿದ್ದನ್ನು ಹಂಚುವಂತಿಲ್ಲ. ‘ಎನ್‌ಸಿ’ ಇದ್ದರೆ ವ್ಯಾಪಾರದ ಬಳಕೆ ಇಲ್ಲ. ಇಲ್ಲಿ ನೋಡಬೇಕಾದ್ದು ಬಳಸುವವರು ಯಾರು ಅನ್ನೋದಲ್ಲ, ಬಳಕೆ ಯಾತಕ್ಕೆ ಅನ್ನೋದು. ಜಾಹೀರಾತಿನಿಂದ ದುಡ್ಡು ಬರುವ ಚಾನೆಲ್ ನಿಮ್ಮದಾಗಿದ್ದರೆ ಎನ್‌ಸಿ ಚಿತ್ರದ ಸಹವಾಸವೇ ಬೇಡ, ಬೇರೆ ಹುಡುಕಿ, ಬೇಕಾದಷ್ಟು ಸಿಗುತ್ತವೆ. ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯಾ ಕಾಮನ್ಸ್ ಅಂತೂ ಬರೀ ಎನ್‌ಸಿ ಅಥವಾ ಎನ್‌ಡಿ ಪರವಾನಗಿಯ ಚಿತ್ರಗಳನ್ನು ಸೇರಿಸಿಕೊಳ್ಳುವುದಿಲ್ಲ, ಹಾಗಾಗಿ ಅಲ್ಲಿಂದ ಹುಡುಕಾಟ ಶುರು ಮಾಡುವುದು ಸುಲಭ.

ಒಂದು ಚಿತ್ರ ಹಿಡಿದು ಮಾಡಿ ನೋಡೋಣ. 2019ರ ಏಪ್ರಿಲ್ 10ರಂದು ಜಗತ್ತೆಲ್ಲ ನೋಡಿದ ಚಿತ್ರ ನೆನಪಿದೆಯಲ್ವಾ? ಕಪ್ಪು ಹಿನ್ನೆಲೆಯಲ್ಲಿ ಕಿತ್ತಳೆ ಬಣ್ಣದ ಮಸುಕಾದ ಉಂಗುರ, ಎಂ87 ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ. ಯುರೋಪಿನ ಖಗೋಳ ಸಂಸ್ಥೆ ಇಎಸ್‌ಒ ತನ್ನ ವೆಬ್‌ಸೈಟಿನ ಚಿತ್ರಗಳನ್ನು ಸಿಸಿ ಬಿವೈ 4.0 ಪರವಾನಗಿಯಲ್ಲಿ ಕೊಡುತ್ತದೆ. ಈ ಚಿತ್ರದ ಪುಟದಲ್ಲಿ ಕರ್ತೃವಿನ ಜಾಗದಲ್ಲಿರುವುದು ಅದನ್ನು ತೆಗೆದ ವಿಜ್ಞಾನಿಗಳ ತಂಡವಾದ ಇಎಚ್‌ಟಿ ಕೊಲಾಬರೇಷನ್. ನೀವು ಅದರ ಅಂಚು ಕತ್ತರಿಸಿ, ಮೇಲೆ ಕನ್ನಡದಲ್ಲಿ ಬಾಣದ ಗುರುತು ಹಾಕಿ ಲೇಖನಕ್ಕೆ ಬಳಸುತ್ತೀರಿ ಅಂತಿಟ್ಟುಕೊಳ್ಳಿ. ಕೆಳಗೆ ಹೀಗೆ ಬರೆಯಿರಿ:

ಕಪ್ಪುಕುಳಿಯ ಮೊದಲ ಚಿತ್ರ. ಕರ್ತೃ: ಇಎಚ್‌ಟಿ ಕೊಲಾಬರೇಷನ್. ಮೂಲ: ಇಎಸ್‌ಒ. ಪರವಾನಗಿ: ಸಿಸಿ ಬಿವೈ 4.0. ಅಂಚು ಕತ್ತರಿಸಿ, ಕನ್ನಡ ವಿವರ ಸೇರಿಸಲಾಗಿದೆ.

‘ಇಎಸ್‌ಒ’ ಅನ್ನುವ ಕಡೆ ಆ ಚಿತ್ರದ ಪುಟಕ್ಕೇ ಲಿಂಕ್ ಕೊಡಿ, ವೆಬ್‌ಸೈಟಿನ ಮುಖಪುಟಕ್ಕೆ ಕೊಟ್ಟರೆ ಓದುಗರು ಅಲ್ಲಿ ಹೋಗಿ ಏನು ಹುಡುಕಬೇಕು? ಪರವಾನಗಿಯ ಹೆಸರಿಗೆ ಪರವಾನಗಿಯ ಪುಟದ ಲಿಂಕ್. ಆವೃತ್ತಿಯ ಸಂಖ್ಯೆ ಬಿಡಬೇಡಿ, 3.0ಕ್ಕೂ 4.0ಕ್ಕೂ ವ್ಯತ್ಯಾಸವಿದೆ. ಕರ್ತೃ ಚಿತ್ರಕ್ಕೆ ಶೀರ್ಷಿಕೆ ಕೊಟ್ಟಿದ್ದರೆ 3.0ರಲ್ಲಿ ಅದನ್ನೂ ಬರೆಯಲೇಬೇಕು, 4.0ರಲ್ಲಿ ಕಡ್ಡಾಯವಿಲ್ಲ. ಆದರೂ ಬರೆಯುವುದೇ ಒಳ್ಳೆಯದು, ಹುಡುಕುವವರಿಗೆ ಅದೊಂದು ಸುಳಿವು. ಕೊನೆಯ ವಾಕ್ಯವನ್ನು, ಅಂದ್ರೆ ನೀವು ಏನು ಬದಲಿಸಿದ್ದೀರಿ ಅನ್ನುವುದನ್ನು, ಬಹಳ ಜನ ಮರೆಯುತ್ತಾರೆ. ಅದೂ ಷರತ್ತಿನ ಭಾಗವೇ. ನೀವು ಹಾಕಿದ ಬಾಣ ತಪ್ಪು ಜಾಗದಲ್ಲಿದ್ದರೆ ಆ ತಪ್ಪು ವಿಜ್ಞಾನಿಗಳ ತಲೆಗೆ ಬರಬಾರದಲ್ವಾ?

ಎಲ್ಲಿ ಬರೆಯಬೇಕು? ಮಾಧ್ಯಮಕ್ಕೆ ಹೊಂದುವ ಕಡೆ. ಬ್ಲಾಗಿನಲ್ಲಿ ಚಿತ್ರದ ಕೆಳಗೆ, ಸ್ಲೈಡಿನಲ್ಲಿ ಮೂಲೆಯಲ್ಲಿ ಅಥವಾ ಕೊನೆಯ ಸ್ಲೈಡಿನಲ್ಲಿ, ವಿಡಿಯೊದಲ್ಲಿ ಕೊನೆಗೆ ಬರುವ ಹೆಸರುಗಳ ಜೊತೆ. ಅಚ್ಚಿನ ಪುಸ್ತಕದಲ್ಲಿ ಲಿಂಕ್ ಒತ್ತಲು ಆಗುವುದಿಲ್ಲ, ಹಾಗಾಗಿ ವಿಳಾಸವನ್ನೇ ಪೂರ್ತಿ ಅಚ್ಚು ಹಾಕಬೇಕು. ಪುಸ್ತಕದ ಕೊನೆಯ ಪುಟಗಳಲ್ಲಿ ಒಟ್ಟಿಗೆ ಕೊಡುವುದಾದರೆ ಯಾವ ಪುಟದ ಚಿತ್ರ ಅಂತ ಸಂಖ್ಯೆ ಸೇರಿಸಿ.

ವಿಕಿಮೀಡಿಯಾ ಕಾಮನ್ಸ್‌ನಿಂದ ತೆಗೆದುಕೊಳ್ಳುವಾಗ ‘ಕೃಪೆ: ವಿಕಿಮೀಡಿಯಾ’ ಅಂತ ಬರೆದರೂ ಸಾಲದು. ಅದು ಚಿತ್ರ ಇಟ್ಟಿರುವ ಜಾಗ, ಕರ್ತೃ ಅಲ್ಲ. ಚಿತ್ರ ಏರಿಸಿದವರೇ ತೆಗೆದವರು ಅಂತಲೂ ಸುಮ್ನೆ ನಂಬಬೇಡಿ. ಪುಟದಲ್ಲಿ ಕರ್ತೃ ಯಾರು, ಮೂಲ ಯಾವುದು ಅಂತ ಬೇರೆ ಬೇರೆ ಸಾಲುಗಳಿರುತ್ತವೆ, ಎರಡನ್ನೂ ಓದಿ. ‘ಸ್ವಂತ ಕೃತಿ’ ಅಂತ ಬರೆದಿದ್ದು, ಚಿತ್ರ ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಹತ್ತು ಕಡೆ ಸುತ್ತಿ ಬಂದ ಹಾಗೆ ಚಿಕ್ಕದಾಗಿ ಮಸುಕಾಗಿದ್ದರೆ, ಕ್ಯಾಮೆರಾದ ಮಾಹಿತಿಯೂ ಇಲ್ಲದಿದ್ದರೆ, ಸ್ವಲ್ಪ ಅನುಮಾನಪಡುವುದು ಒಳ್ಳೆಯದು. ಬೇರೆಯವರ ಚಿತ್ರ ಕದ್ದು ಏರಿಸಿದವರು ಕೊಟ್ಟ ಪರವಾನಗಿಗೆ ಬೆಲೆ ಇಲ್ಲ.

ಎಸ್‌ಎ ಬಗ್ಗೆ ವಿಜ್ಞಾನ ಬರೆಯುವವರು ತುಂಬ ಹೆದರುತ್ತಾರೆ. ಹೆದರಬೇಕಿಲ್ಲ. ಸಿಸಿ ಬಿವೈ-ಎಸ್‌ಎ ಇರುವ ಹೃದಯದ ರೇಖಾಚಿತ್ರ ತೆಗೆದುಕೊಂಡು ಹೃತ್ಕರ್ಣ, ಹೃತ್ಕುಕ್ಷಿ ಅಂತ ಕನ್ನಡದಲ್ಲಿ ಹೆಸರು ಹಾಕಿ ಹಂಚಿದರೆ, ಆ ಹೊಸ ಚಿತ್ರವನ್ನು ಅದೇ ಪರವಾನಗಿಯಲ್ಲಿ ಕೊಡಬೇಕು. ಪಕ್ಕದಲ್ಲಿರುವ ನಿಮ್ಮ ಲೇಖನ ನಿಮ್ಮದೇ, ಅದಕ್ಕೆ ಈ ಷರತ್ತು ಅಂಟುವುದಿಲ್ಲ. ನನಗಂತೂ ಇದು ಬಹಳ ಇಷ್ಟವಾದ ಷರತ್ತು. ಕನ್ನಡದಲ್ಲಿ ಹೆಸರಿಟ್ಟ ಒಂದು ಒಳ್ಳೆಯ ರೇಖಾಚಿತ್ರ ಹೊರಗೆ ಬಂದರೆ ಮುಂದಿನ ಮೇಷ್ಟ್ರು ಮತ್ತೆ ಮೊದಲಿಂದ ಬರೆಯಬೇಕಿಲ್ಲ.

ಅಂದ ಹಾಗೆ, ‘ಉಚಿತ ಫೋಟೋ’ ಅನ್ನುವ ತಾಣಗಳೆಲ್ಲ ಸಿಸಿ ಅಲ್ಲ. ಅನ್‌ಸ್ಪ್ಲ್ಯಾಶ್ 2017ರಿಂದ ತನ್ನದೇ ಪರವಾನಗಿ ಇಟ್ಟುಕೊಂಡಿದೆ, ಅದನ್ನು ಬೇರೆಯಾಗಿಯೇ ಓದಬೇಕು. ಹಾಗೆಯೇ ಸಿಸಿ ಪರವಾನಗಿ ಕೊಡುವುದು ಕಾಪಿರೈಟಿನ ಅನುಮತಿ ಮಾತ್ರ. ಜಾತ್ರೆಯಲ್ಲಿ ತೆಗೆದ ಮಗುವಿನ ಫೋಟೋಗೆ ಸಿಸಿ ಬಿವೈ ಇದೆ ಅಂತ ಅದನ್ನು ಬಿಸ್ಕತ್ತಿನ ಜಾಹೀರಾತಿಗೆ ಹಾಕುವ ಹಾಗಿಲ್ಲ, ಮಗುವಿನ ಮನೆಯವರ ಒಪ್ಪಿಗೆ ಬೇರೆಯೇ ಬೇಕು.

ಹೆಸರು ಬಿಟ್ಟುಹೋಗಿದೆ ಅಂತ ಆಮೇಲೆ ಗೊತ್ತಾದರೆ? 4.0ರಲ್ಲಿ ಇದಕ್ಕೆ ದಾರಿ ಇದೆ. ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಅನುಮತಿ ತಾನಾಗಿಯೇ ಮರಳುತ್ತದೆ. ಹಳೆಯ ಆವೃತ್ತಿಗಳಲ್ಲಿ ಈ ಅವಕಾಶ ಇಲ್ಲ.

ಇನ್ನೊಂದು ಕೆಲಸವನ್ನು ಡೌನ್‌ಲೋಡ್ ಮಾಡುವಾಗಲೇ ಮಾಡಿಬಿಡಿ. ಒಂದು ಫೈಲಿನಲ್ಲಿ ಚಿತ್ರದ ಹೆಸರು, ಕರ್ತೃ, ಪುಟದ ವಿಳಾಸ, ಪರವಾನಗಿ, ತಾರೀಖು ಬರೆದಿಡಿ, ಪುಟದ ಸ್ಕ್ರೀನ್‌ಶಾಟ್ ಕೂಡ ಇಟ್ಟುಕೊಳ್ಳಿ. ಫ್ಲಿಕರ್‌ನಂಥ ಫೋಟೋ ಹಂಚುವ ತಾಣಗಳಲ್ಲಿ ಮಾಲೀಕರು ಪರವಾನಗಿಯನ್ನು ನಾಳೆ ಬದಲಿಸಬಹುದು. ಒಮ್ಮೆ ಕೊಟ್ಟ ಸಿಸಿ ಅನುಮತಿಯನ್ನು ಷರತ್ತು ಪಾಲಿಸುವವರಿಂದ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ, ಆದರೆ ನೀವು ತೆಗೆದುಕೊಂಡಾಗ ಅದು ಇತ್ತು ಅಂತ ತೋರಿಸಲು ಆ ಸ್ಕ್ರೀನ್‌ಶಾಟ್ ಬೇಕಾಗುತ್ತದೆ.