ಲಾಫಿಂಗ್‌ಸ್ಟಾಕ್: ನಗುವಿನ ಪಕ್ಕ ಮರದ ದಿಮ್ಮಿ ಯಾಕೆ?

ಊರವರ ಮುಂದೆ ನಗೆಪಾಟಲಾದವನನ್ನು ಇಂಗ್ಲಿಷಿನಲ್ಲಿ ‘ಲಾಫಿಂಗ್‌ಸ್ಟಾಕ್’ ಅನ್ನುತ್ತಾರೆ. ಲಾಫಿಂಗ್ ಅಂದರೆ ನಗು, ಸರಿ. ಈ ಸ್ಟಾಕ್ ಎಲ್ಲಿಂದ ಬಂತು?

ತುಂಬ ಜನ ಹೇಳುವ ಕಥೆ ಒಂದಿದೆ. ಹಿಂದೆ ಇಂಗ್ಲೆಂಡಿನಲ್ಲಿ ‘ಸ್ಟಾಕ್ಸ್’ ಅನ್ನುವ ಶಿಕ್ಷೆಯ ಸಾಧನ ಇತ್ತು. ಕುಡಿದು ಗಲಾಟೆ ಮಾಡಿದವನನ್ನೋ ಅಲೆಮಾರಿಯನ್ನೋ ಹಿಡಿದು, ತೂತು ಕೊರೆದ ಎರಡು ಹಲಗೆಗಳ ನಡುವೆ ಕಾಲು ಸಿಕ್ಕಿಸಿ, ಬೀಗ ಹಾಕಿ, ಎಲ್ಲರಿಗೂ ಕಾಣುವಂಥ ಜಾಗದಲ್ಲಿ ಗಂಟೆಗಟ್ಟಲೆ ಕೂರಿಸುತ್ತಿದ್ದರು. ಹೋಗಿಬರುವವರು ನಗುತ್ತಿದ್ದರು, ಕಸ ಎಸೆಯುತ್ತಿದ್ದರು. ಮಹಾಮಾರಿ ಪ್ಲೇಗ್ ಮುಗಿದ ಮೇಲೆ ಜಾಸ್ತಿ ಕೂಲಿ ಕೇಳಿದವರನ್ನು ಬಗ್ಗಿಸಲು 1351ರಲ್ಲಿ ತಂದ ಕಾನೂನು ಊರೂರಲ್ಲಿ ಸ್ಟಾಕ್ಸ್ ಮಾಡಿಡಿ ಅಂತ ಹೇಳಿತ್ತು. ದುಡಿಯುವವರಿಗೇ ಈ ಅವಮಾನ, ಓದಿದರೆ ಸಿಟ್ಟು ಬರುತ್ತದೆ.

ಕಥೆ ಚೆನ್ನಾಗಿ ಹೊಂದುತ್ತದೆ, ಅಲ್ವಾ? ಆದರೂ ನಾನು ಒಪ್ಪುವುದಿಲ್ಲ. ಆ ಸಾಧನದ ಹೆಸರು ಸಾಮಾನ್ಯವಾಗಿ ಬಹುವಚನದಲ್ಲೇ ಇರುತ್ತದೆ: ಸ್ಟಾಕ್ಸ್. ನಮ್ಮ ಪದದಲ್ಲಿರುವುದು ಒಂದೇ ಸ್ಟಾಕ್. ಅದಕ್ಕಿಂತ ಮುಖ್ಯವಾಗಿ, ಈ ಪದ ಒಂಟಿಯಲ್ಲ. 16ನೇ ಶತಮಾನದ ಮೊದಲ ಭಾಗದಲ್ಲಿ ಇದು ಬರಹದಲ್ಲಿ ಕಾಣಿಸಿಕೊಂಡಿತು. ಇದರ ಒಡಹುಟ್ಟುಗಳೂ ಇದ್ದವು. ಷೇಕ್ಸ್‌ಪಿಯರ್ ‘ಲಾಫಿಂಗ್‌ಸ್ಟಾಕ್’ ಬಳಸಿದ್ದಾನೆ, ಜನ ಬೆರಳು ತೋರಿಸಿ ಆಡಿಕೊಳ್ಳುವ ವ್ಯಕ್ತಿಗೆ ‘ಪಾಯಿಂಟಿಂಗ್‌ಸ್ಟಾಕ್’ ಅಂತಲೂ ಬರೆದಿದ್ದಾನೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ‘ಗೇಜಿಂಗ್‌ಸ್ಟಾಕ್’ ಇದೆ, ಅಂದರೆ ಎಲ್ಲರೂ ಕಣ್ಣರಳಿಸಿ ನೋಡುವ ವಸ್ತು. ‘ವಿಪ್ಪಿಂಗ್‌ಸ್ಟಾಕ್’ ಅಂದರೆ ಕಟ್ಟಿಹಾಕಿ ಚಾಟಿಯಲ್ಲಿ ಹೊಡೆಯುವ ಕಂಬ, ಆಮೇಲೆ ಸದಾ ಏಟು ತಿನ್ನುವವನು. ಇಲ್ಲೆಲ್ಲೂ ಕಾಲಿಗೆ ಹಲಗೆ ಬೇಕಿಲ್ಲ.

ಹಳೆಯ ಇಂಗ್ಲಿಷಿನಲ್ಲಿ ಸ್ಟಾಕ್ ಅಂದರೆ ಮರದ ಬುಡ, ಬೊಡ್ಡೆ, ಕಂಬ. ಸರ್ಕಾರಕ್ಕೆ ಹಣ ಕಟ್ಟಿದ ಗುರುತಿಗೆ ಗೆರೆ ಕೊರೆದು ಸೀಳುತ್ತಿದ್ದ ಕೋಲಿನ ಉದ್ದನೆಯ ಅರ್ಧಕ್ಕೂ ಅದೇ ಹೆಸರು. ಜೀವವಿಲ್ಲದ್ದು ಅನ್ನುವ ಅರ್ಥ ಬೆಳೆದು, ಮಂಕಾಗಿ ಕೂತ ಮನುಷ್ಯನನ್ನೂ ಸ್ಟಾಕ್ ಅನ್ನತೊಡಗಿದರು. ಸುಮ್ನೆ ಬಿದ್ದಿರುವ ದಿಮ್ಮಿಗೆ ಯಾರು ಏನು ಮಾಡಿದರೂ ಅದು ತಿರುಗಿ ಮಾತಾಡುವುದಿಲ್ಲ. ನಗುವ ಗುಂಪಿಗೆ ಎದುರಿಗಿರುವವನು ಮನುಷ್ಯನಾಗಿ ಕಾಣದೆ ಹಾಗೇ ಕಾಣುತ್ತಾನೆ. ಪದದ ಕ್ರೌರ್ಯ ಇರುವುದು ಇಲ್ಲೇ ಅಂತ ನನಗನ್ನಿಸುತ್ತದೆ. ಶಿಕ್ಷೆಯ ಸ್ಟಾಕ್ಸಿಗೂ ಹೆಸರು ಬಂದದ್ದು ಇದೇ ಮರದಿಂದ. ಹಾಗಾಗಿ ಎರಡೂ ದಾಯಾದಿಗಳು, ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟಿದ್ದಲ್ಲ.

ಇಂಗ್ಲೆಂಡಿನಲ್ಲಿ ಸ್ಟಾಕ್ಸ್ ಕೊನೆಯ ಬಾರಿ ಬಳಕೆಯಾದದ್ದು 1872ರಲ್ಲಿ, ನ್ಯೂಬರಿಯಲ್ಲಿ. ಗೇಜಿಂಗ್‌ಸ್ಟಾಕ್, ಪಾಯಿಂಟಿಂಗ್‌ಸ್ಟಾಕ್ ಈಗ ಹಳೆಯ ಪುಸ್ತಕಗಳಲ್ಲಷ್ಟೇ ಸಿಗುತ್ತವೆ. ಆ ಗುಂಪಿನಲ್ಲಿ ಜನರ ಬಾಯಲ್ಲಿ ಚೆನ್ನಾಗಿ ಉಳಿದದ್ದು ಲಾಫಿಂಗ್‌ಸ್ಟಾಕ್ ಒಂದೇ.