ಆಸ್ಪತ್ರೆ ಒಬ್ಬರದ್ದು, ಆರೈಕೆ ಇನ್ನೊಬ್ಬರದ್ದು: ಸ್ಕಾಟ್ಲೆಂಡಿನ ಹಳೇ ಕಗ್ಗಂಟು

ಚಿಕಿತ್ಸೆ ಮುಗಿದ ಮೇಲೂ ಮನೆಗೆ ಹೋಗಲಾಗದೆ ಮಲಗಿರುವವರು ಸ್ಕಾಟ್ಲೆಂಡಿನ ಆಸ್ಪತ್ರೆಗಳಲ್ಲಿ ಯಾವಾಗಲೂ ಇರುತ್ತಾರೆ. ಅವರಲ್ಲಿ ವಯಸ್ಸಾದವರೇ ಜಾಸ್ತಿ. ಡಾಕ್ಟರು ‘ಇನ್ನು ಹೊರಡಬಹುದು’ ಎಂದಾಗಿರುತ್ತದೆ. ಆದರೆ ಮನೆಗೆ ಬಂದು ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಊಟ ಕೊಡುವವರು ಸಿಕ್ಕಿರುವುದಿಲ್ಲ. ಕೈಲಾಗದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕೇರ್ ಹೋಮ್‌ನಲ್ಲೂ ಜಾಗ ಇರುವುದಿಲ್ಲ. ಇತ್ತ ಹಾಸಿಗೆ ಖಾಲಿಯಾಗದೆ ಎಮರ್ಜೆನ್ಸಿಗೆ ಬಂದವರು ಕಾಯಬೇಕು. ಇದಕ್ಕೆ ಹೊಣೆ ಯಾರು ಅಂದರೆ, ಆಸ್ಪತ್ರೆ ಎನ್‌ಎಚ್‌ಎಸ್‌ನದು, ಅಂದರೆ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸೇವೆಯದು; ಮನೆ ಆರೈಕೆ ಕೌನ್ಸಿಲ್‌ನದು, ಅಂದರೆ ಸ್ಥಳೀಯ ಆಡಳಿತದ್ದು. ಇಬ್ಬರ ಬಜೆಟ್ಟೂ ಬೇರೆ.

ಈ ಗೆರೆ ಬಿದ್ದದ್ದು 1948ರ ಜುಲೈ 5ರಂದು. ಅವತ್ತು ಎರಡು ಕಾನೂನುಗಳು ಒಟ್ಟಿಗೇ ಜಾರಿಗೆ ಬಂದವು. ಒಂದರಿಂದ ಎನ್‌ಎಚ್‌ಎಸ್ ಹುಟ್ಟಿತು. ಚಿಕಿತ್ಸೆ ಎಲ್ಲರಿಗೂ ಉಚಿತ, ಖರ್ಚು ಸರ್ಕಾರದ ತೆರಿಗೆಯಿಂದ. ಇನ್ನೊಂದು ನ್ಯಾಷನಲ್ ಅಸಿಸ್ಟೆನ್ಸ್ ಆ್ಯಕ್ಟ್. ವೃದ್ಧರ ವಸತಿಗೃಹಗಳನ್ನು ಅದು ಸ್ಥಳೀಯ ಕೌನ್ಸಿಲ್‌ಗಳಿಗೆ ಕೊಟ್ಟಿತು. ಅಲ್ಲಿ ಇರುವವರು ತಮ್ಮ ಆದಾಯ, ಆಸ್ತಿ ನೋಡಿ ಹಣ ಕಟ್ಟಬೇಕು. ಕಾಯಿಲೆ ಬಿದ್ದರೆ ಬಿಟ್ಟಿ, ಕೈಲಾಗದೆ ಹೋದರೆ ದುಡ್ಡು. ಎಂಬತ್ತು ದಾಟಿದವರಲ್ಲಿ ಕಾಯಿಲೆ ಎಲ್ಲಿ ಮುಗಿಯಿತು, ಮುಪ್ಪು ಎಲ್ಲಿ ಶುರುವಾಯಿತು ಅಂತ ಹೇಳುವುದು ಕಷ್ಟ ಅಲ್ವಾ? ಆದರೆ ಕಾನೂನು ಹೇಳಿಬಿಟ್ಟಿತು.

ಮೊದಲ ದೊಡ್ಡ ಬದಲಾವಣೆ ದುಡ್ಡಿನ ಕಡೆಯಿಂದ ಬಂತು. ಸ್ಕಾಟ್ಲೆಂಡಿಗೆ ತನ್ನದೇ ಸಂಸತ್ತು ಸಿಕ್ಕ ಮೂರೇ ವರ್ಷಕ್ಕೆ, ಅಂದರೆ 2002ರಲ್ಲಿ, 65 ದಾಟಿದವರ ವೈಯಕ್ತಿಕ ಆರೈಕೆಯನ್ನು ಉಚಿತ ಮಾಡಿತು. ಸ್ನಾನ, ಬಟ್ಟೆ, ಊಟಕ್ಕೆ ನೆರವು, ಇಂಥವು. ಕೇರ್ ಹೋಮ್‌ನ ವಾಸದ ಖರ್ಚು ಮಾತ್ರ ಉಳ್ಳವರೇ ಕೊಡಬೇಕು. ಇಂಗ್ಲೆಂಡಿನಲ್ಲಿ ಇಷ್ಟೂ ಆಗಲಿಲ್ಲ. ಆದರೂ ಸ್ಕಾಟ್ಲೆಂಡಿನಲ್ಲಿ ಆಸ್ಪತ್ರೆ ನಡೆಸುವವರು, ಆರೈಕೆ ನಡೆಸುವವರು ಬೇರೆ ಬೇರೆಯಾಗಿಯೇ ಉಳಿದರು. ಮುಂದೆ ಇಬ್ಬರನ್ನೂ ಕೂರಿಸಿ ಮಾತಾಡಿಸಲು ಸಮುದಾಯ ಆರೋಗ್ಯ ಪಾಲುದಾರಿಕೆಗಳು ಬಂದವು. ಹಣದ ಮೇಲೆ ಹಿಡಿತ ಕಡಿಮೆ ಇದ್ದುದರಿಂದ ಹೆಚ್ಚೇನೂ ಆಗಲಿಲ್ಲ.

2011ರಲ್ಲಿ ಸಾರ್ವಜನಿಕ ಸೇವೆಗಳ ಭವಿಷ್ಯ ಕುರಿತ, ಕ್ಯಾಂಪ್‌ಬೆಲ್ ಕ್ರಿಸ್ಟಿ ನೇತೃತ್ವದ ಆಯೋಗ ಕಟುವಾಗಿಯೇ ಬರೆಯಿತು. ಮುಂಚೆಯೇ ಎಚ್ಚೆತ್ತರೆ ತಪ್ಪಿಸಬಹುದಾದ ಕೆಲಸಗಳಿಗೇ ಸಾರ್ವಜನಿಕ ಸೇವೆಗಳ ಖರ್ಚಿನಲ್ಲಿ ಶೇ. 40ರಷ್ಟು ಹೋಗುತ್ತಿರಬಹುದು ಎಂಬುದು ಅದರ ಅಂದಾಜು. ಇದರ ಬೆನ್ನಿಗೆ ಬಂದದ್ದು 2014ರ ‘ಪಬ್ಲಿಕ್ ಬಾಡೀಸ್ (ಜಾಯಿಂಟ್ ವರ್ಕಿಂಗ್) ಆ್ಯಕ್ಟ್’. ಒಟ್ಟಾಗಿ ಕೆಲಸ ಮಾಡಿ ಅಂತ ಕೇಳಿಕೊಳ್ಳುವ ಕಾಲ ಮುಗಿಯಿತು. ಮಾಡಲೇಬೇಕು ಎಂದಿತು ಕಾನೂನು.

2016ರ ಏಪ್ರಿಲ್ ಹೊತ್ತಿಗೆ ದೇಶದಲ್ಲೆಲ್ಲ ಹೊಸ ವ್ಯವಸ್ಥೆ ಬಂತು. 32 ಕೌನ್ಸಿಲ್, 14 ಹೆಲ್ತ್ ಬೋರ್ಡ್ (ಎನ್‌ಎಚ್‌ಎಸ್‌ನ ಪ್ರಾದೇಶಿಕ ಮಂಡಳಿಗಳು) ಸೇರಿ 31 ಜಂಟಿ ಪ್ರಾಧಿಕಾರಗಳು. ಉತ್ತರದ ಹೈಲ್ಯಾಂಡ್ ಪ್ರದೇಶ ಮಾತ್ರ ತನ್ನದೇ ದಾರಿ ಹಿಡಿದಿತ್ತು. ಅಲ್ಲಿ 2012ರಲ್ಲೇ ದೊಡ್ಡವರ ಆರೈಕೆ ಎನ್‌ಎಚ್‌ಎಸ್‌ಗೆ, ಮಕ್ಕಳ ಸೇವೆ ಕೌನ್ಸಿಲ್‌ಗೆ ಅಂತ ಹಂಚಿಕೊಂಡಿದ್ದರು. ಉಳಿದ ಕಡೆ ಜಂಟಿ ಮಂಡಳಿ. ಅದರಲ್ಲಿ ಎರಡೂ ಕಡೆಯವರಿಗೆ ಸಮಾನ ಮತ. ವರ್ಷಕ್ಕೆ 800 ಕೋಟಿ ಪೌಂಡ್‌ಗೂ ಜಾಸ್ತಿ ಹಣ ಈ ಮಂಡಳಿಗಳ ಲೆಕ್ಕಕ್ಕೆ ಬಂತು.

ಲೆಕ್ಕಕ್ಕೆ ಬಂತು, ಕೈಗೆ ಬಂತು ಅನ್ನುವ ಹಾಗಿಲ್ಲ. ಹಣ ಕೊಡುವವರು ಕೌನ್ಸಿಲ್ ಮತ್ತು ಹೆಲ್ತ್ ಬೋರ್ಡ್. ನೌಕರರೂ ಅವರವರ ನೌಕರರೇ, ಸಂಬಳ, ಪಿಂಚಣಿ, ಕಂಪ್ಯೂಟರ್ ವ್ಯವಸ್ಥೆ ಎಲ್ಲ ಬೇರೆ ಬೇರೆ. ಮಂಡಳಿಯ ಮುಖ್ಯಾಧಿಕಾರಿ ಇಬ್ಬರು ಮೇಲಧಿಕಾರಿಗಳಿಗೆ ಉತ್ತರ ಹೇಳಬೇಕು. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದು, ತಿಜೋರಿಯ ಬೀಗದ ಕೈ ಮಾತ್ರ ತಮ್ಮ ತಮ್ಮ ಸೊಂಟದಲ್ಲೇ ಇಟ್ಟುಕೊಂಡ ಹಾಗಾಯಿತು.

ನನ್ನ ಪ್ರಕಾರ ನಿಜವಾದ ಎಡವಟ್ಟು ಆಸ್ಪತ್ರೆಯ ದುಡ್ಡಿನಲ್ಲಿದೆ. ಕಾನೂನಿನ ಜಾಣತನವೂ ಅಲ್ಲೇ ಇತ್ತು. ತುರ್ತಾಗಿ ಆಸ್ಪತ್ರೆ ಸೇರುವವರಿಗೆ ಆಗುವ ಖರ್ಚಿನ ಯೋಜನೆಯನ್ನೂ ಜಂಟಿ ಮಂಡಳಿಗೇ ವಹಿಸಿದ್ದರು. ಮನೆಯಲ್ಲೇ ಆರೈಕೆ ಸುಧಾರಿಸಿದರೆ ಆಸ್ಪತ್ರೆಗೆ ಬರುವವರು ಕಡಿಮೆಯಾಗುತ್ತಾರೆ, ಅಲ್ಲಿ ಉಳಿದ ಹಣವನ್ನು ಮತ್ತೆ ಮನೆ ಆರೈಕೆಗೆ ಹಾಕಬಹುದು ಎಂಬುದು ಲೆಕ್ಕಾಚಾರ. ಆದರೆ ಹತ್ತು ರೋಗಿಗಳು ಕಡಿಮೆಯಾದ ಮಾತ್ರಕ್ಕೆ ವಾರ್ಡಿನ ಖರ್ಚು ಇಳಿಯುವುದಿಲ್ಲ. ನರ್ಸುಗಳೂ ಬೇಕು, ದೀಪವೂ ಉರಿಯಬೇಕು. ಖಾಲಿಯಾದ ಹಾಸಿಗೆಗೆ ಇನ್ನೊಬ್ಬರು ಕಾದೇ ಇರುತ್ತಾರೆ. ಹಾಗಾಗಿ ಆ ಹಣ ಹೆಲ್ತ್ ಬೋರ್ಡ್ ಬಿಟ್ಟು ಕದಲಲಿಲ್ಲ. ಈ ಭಾಗ ಕಾನೂನು ಬಯಸಿದ ಹಾಗೆ ನಡೆಯುತ್ತಿಲ್ಲ ಎಂದು ಸರ್ಕಾರಿ ಖರ್ಚಿನ ಲೆಕ್ಕ ತಪಾಸಣೆ ಮಾಡುವ ಆಡಿಟ್ ಸ್ಕಾಟ್ಲೆಂಡ್ 2018ರಲ್ಲೇ ಹೇಳಿತು.

ಆಮೇಲೆ ಕೋವಿಡ್. ಕೇರ್ ಹೋಮ್‌ಗಳಲ್ಲಿ ಆದ ಸಾವುಗಳು ಎಲ್ಲರನ್ನೂ ಕಂಗೆಡಿಸಿದವು. ಆರೈಕೆ ವ್ಯವಸ್ಥೆಯನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಡೆರೆಕ್ ಫೀಲಿ ಅವರ ವರದಿ 2021ರ ಫೆಬ್ರವರಿಯಲ್ಲಿ ಬಂತು. ಆರೈಕೆಗೂ ಎನ್‌ಎಚ್‌ಎಸ್ ಥರ ರಾಷ್ಟ್ರೀಯ ಸೇವೆ ಬೇಕು, ಅದರ ಹೊಣೆ ಮಂತ್ರಿಗಳೇ ಹೊರಬೇಕು ಎಂದಿತು. 2022ರ ಜೂನ್‌ನಲ್ಲಿ ಮಸೂದೆಯೂ ಮಂಡನೆಯಾಯಿತು. ನಮ್ಮ ಅಧಿಕಾರ ಕಿತ್ತುಕೊಳ್ಳುತ್ತಿದ್ದೀರಿ ಎಂದು ಕೌನ್ಸಿಲ್‌ಗಳು ಸಿಟ್ಟಾದವು, ನೌಕರರ ಸಂಘಗಳೂ ವಿರೋಧಿಸಿದವು. ಖರ್ಚೆಷ್ಟು ಎಂಬುದಕ್ಕೆ ಸರ್ಕಾರದ ಬಳಿ ಸರಿಯಾದ ಉತ್ತರ ಇರಲಿಲ್ಲ. ಎಳೆದಾಡಿ ಎಳೆದಾಡಿ, 2025ರ ಜನವರಿಯಲ್ಲಿ ರಾಷ್ಟ್ರೀಯ ಸೇವೆಯ ಭಾಗವನ್ನೇ ಮಸೂದೆಯಿಂದ ಕೈಬಿಡುವುದಾಗಿ ಸರ್ಕಾರ ಹೇಳಿತು.

ಉಳಿದದ್ದು ಅದೇ ವರ್ಷದ ಜೂನ್‌ನಲ್ಲಿ ಪಾಸಾಯಿತು. ಕೇರ್ ಹೋಮ್‌ನಲ್ಲಿರುವವರನ್ನು ಮನೆಯವರು ಭೇಟಿ ಮಾಡುವ ಹಕ್ಕಿಗೆ ಅದರಲ್ಲಿ ಬಲ ಸಿಕ್ಕಿದೆ. ಮನೆಯಲ್ಲಿ ಸಂಬಳವಿಲ್ಲದೆ ಆರೈಕೆ ಮಾಡುವವರಿಗೆ ಆಗಾಗ ಬಿಡುವು ಸಿಗುವ ಹಕ್ಕೂ ಇದೆ. ಎರಡೂ ಬೇಕಾಗಿದ್ದವೇ. ಹಣ ಯಾರ ಕೈಯಲ್ಲಿರಬೇಕು ಅನ್ನುವುದನ್ನು ಮಾತ್ರ ಹೊಸ ಕಾನೂನು ಮುಟ್ಟಲಿಲ್ಲ. 2014ರ ಮಂಡಳಿಗಳು ಹಾಗೇ ಮುಂದುವರಿದಿವೆ.